ಜನ ಒಪ್ಪದ್ದನ್ನು ಕೋರ್ಟ್ ಒಪ್ಪಬಹುದೇ?

ಬಹುಪಾಲು ಜನ ಸರಿ ಎನ್ನುವುದು ಒಂದು, ಸಂವಿಧಾನ ಹೇಳುವುದು ಇನ್ನೊಂದು. ಆಗ 'ಸಾಂವಿಧಾನಿಕ ನೈತಿಕತೆ'ಯ, ಅಂದರೆ ಸರಿ ತಪ್ಪನ್ನು ಸಂವಿಧಾನದ ಮೌಲ್ಯಗಳಿಂದ ಅಳೆಯುವುದರ, ಹೆಸರಿನಲ್ಲಿ ಕೋರ್ಟ್ ಜನರ ನಂಬಿಕೆಯನ್ನು ಬದಿಗೆ ಸರಿಸಬಹುದೇ?

ಪರ

ಸರಿಸಬಹುದು. ಎಷ್ಟೋ ಸಲ ಸರಿಸಲೇಬೇಕು.

ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ದೆಹಲಿ ಹೈಕೋರ್ಟ್ 2009ರಲ್ಲೇ ಹೇಳಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಅಂಥ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ಸೆಕ್ಷನ್ 377 ಅನ್ನು ಉಳಿಸಿತು. ಕೊಟ್ಟ ಕಾರಣಗಳಲ್ಲಿ ಒಂದು, ಇಂಥವರು ದೇಶದ ಜನಸಂಖ್ಯೆಯಲ್ಲಿ ತೀರಾ ಚಿಕ್ಕ ಪಾಲು ಎನ್ನುವುದು. ಓದಿದರೆ ಈಗಲೂ ಸಿಟ್ಟು ಬರುತ್ತದೆ. ಹಕ್ಕು ಕೊಡುವ ಮೊದಲು ತಲೆ ಎಣಿಸಬೇಕಾ? ಜಾಸ್ತಿ ಇರುವವರ ಹತ್ತಿರ ವೋಟಿದೆ, ಅವರು ಕೂಗಿದರೆ ಶಾಸಕರು ಓಡಿ ಬರುತ್ತಾರೆ, ಪೊಲೀಸರೂ ಕೇಳುತ್ತಾರೆ. ಕೋರ್ಟಿನ ಬಾಗಿಲು ತಟ್ಟಬೇಕಾಗಿರುವುದು ಇದ್ಯಾವುದೂ ಇಲ್ಲದವರು.

2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ತಪ್ಪನ್ನು ತಿದ್ದಿತು. ಸಮಾಜದ ನೈತಿಕತೆ ಏನೇ ಇರಲಿ, ಸಂವಿಧಾನದ ನೈತಿಕತೆಯೇ ಮೇಲು ಎಂದಿತು. ಇಷ್ಟಕ್ಕೂ 377 ಯಾವ ಸಮಾಜದ ನೈತಿಕತೆ? ಅದು ಬ್ರಿಟಿಷರು 1860ರಲ್ಲಿ ಮಾಡಿದ ದಂಡಸಂಹಿತೆಯಿಂದ ಬಂದದ್ದು. ಅದಕ್ಕೆ ಒಬ್ಬ ಭಾರತೀಯನೂ ವೋಟು ಹಾಕಿರಲಿಲ್ಲ.

ಅಸ್ಪೃಶ್ಯತೆಯ ವಿಷಯ ನೋಡಿ. ಅದು ಹೋಗಬೇಕೋ ಬೇಡವೋ ಎಂದು 1950ರಲ್ಲಿ ಊರೂರಲ್ಲಿ ಮತ ಹಾಕಿಸಿದ್ದರೆ ಫಲಿತಾಂಶ ಏನಾಗುತ್ತಿತ್ತು? ಯಾರನ್ನೂ ಕಾಯಿಸದೆ 17ನೇ ವಿಧಿ ಅದನ್ನು ರದ್ದು ಮಾಡಿತು. ಸಾಂವಿಧಾನಿಕ ನೈತಿಕತೆ ತಾನಾಗಿ ಹುಟ್ಟುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕು, ನಮ್ಮ ಜನ ಇನ್ನೂ ಅದನ್ನು ಕಲಿಯಬೇಕಿದೆ ಎಂದು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಜಾತಿ ಬಿಟ್ಟು ಮದುವೆಯಾದ ಮಕ್ಕಳನ್ನು ಇವತ್ತಿಗೂ ಕೊಲ್ಲುತ್ತಿದ್ದೇವೆ. ಕೊಂದವರು ಅದನ್ನೇ ಮರ್ಯಾದೆ ಎನ್ನುತ್ತಾರೆ. ಆ ಮರ್ಯಾದೆಯ ಎದುರು ನಿಲ್ಲಲು ಕೋರ್ಟಿಗೆ ಬೇರೆ ಅಳತೆಗೋಲು ಬೇಕೇ ಬೇಕು.

ವಿರೋಧ

377 ಹೋದದ್ದು ನನಗೂ ಸಂತೋಷವೇ. ಆದರೆ ಅದಕ್ಕೆ ಹೊಸ ನೈತಿಕತೆ ಯಾಕೆ ಬೇಕಿತ್ತು? ಸಮಾನತೆಯ 14ನೇ ವಿಧಿ ಇದೆ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಇದೆ, ಅಷ್ಟು ಸಾಕಿತ್ತು. ಅಸ್ಪೃಶ್ಯತೆಯನ್ನು ತೆಗೆದದ್ದೂ ಬರೆದಿಟ್ಟ ವಿಧಿಯೇ ಅಲ್ವಾ? ಅದನ್ನು ಬರೆದದ್ದು ಸಂವಿಧಾನ ಸಭೆ, ನ್ಯಾಯಮೂರ್ತಿಗಳಲ್ಲ.

'ಸಾಂವಿಧಾನಿಕ ನೈತಿಕತೆ' ಎನ್ನುವ ಮಾತು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಧರ್ಮ ಸ್ವಾತಂತ್ರ್ಯದ 25ನೇ ವಿಧಿಯಲ್ಲಿ ಇರುವುದು ಬರೀ 'ನೈತಿಕತೆ'. 377ರ ತೀರ್ಪು ಬಂದು ತಿಂಗಳು ತುಂಬುವ ಮೊದಲೇ, ಎಲ್ಲ ವಯಸ್ಸಿನ ಮಹಿಳೆಯರನ್ನೂ ದೇವಸ್ಥಾನದೊಳಗೆ ಬಿಡಬೇಕೇ ಎಂಬ ಶಬರಿಮಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಅದನ್ನು ಸಾಂವಿಧಾನಿಕ ನೈತಿಕತೆ ಎಂದು ಓದಿ, ಬಿಡಬೇಕು ಎಂದಿತು. ಒಪ್ಪದವರು ಪೀಠದಲ್ಲಿದ್ದ ಒಬ್ಬರೇ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರ. 377ರ ಪೀಠದಲ್ಲೂ ಇದ್ದ ಅವರು, ಧರ್ಮದ ಆಚರಣೆ ತರ್ಕಕ್ಕೆ ಸರಿ ಬರುತ್ತದೋ ಇಲ್ಲವೋ ಎಂದು ಕೋರ್ಟ್ ತೂಗಬಾರದು ಎಂದರು. ಮುಂದಿನ ವರ್ಷ ಅದೇ ಕೋರ್ಟ್ ಕೆಲವು ಪ್ರಶ್ನೆಗಳನ್ನು ದೊಡ್ಡ ಪೀಠಕ್ಕೆ ಕಳಿಸಿತು. 2023ರಲ್ಲಿ ಸಲಿಂಗ ಮದುವೆಯ ವಿಷಯ ಬಂದಾಗ, ಅದು ಸಂಸತ್ತಿನ ಕೆಲಸ ಎಂದಿತು. ಪೀಠ ಬದಲಾದಂತೆ ನೈತಿಕತೆಯೂ ಬದಲಾದರೆ ಜನ ಯಾವುದನ್ನು ನಂಬಬೇಕು?

ಅಂಬೇಡ್ಕರ್ ಅವರ ಆ ಮಾತನ್ನೂ ಪೂರ್ತಿ ಓದಬೇಕು. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲಿ ಯಾಕೆ ಸೇರಿಸಿದ್ದೀರಿ ಎಂಬ ಟೀಕೆಗೆ ಅವರು ಉತ್ತರ ಕೊಡುತ್ತಿದ್ದರು. ಗ್ರೀಸಿನ ಇತಿಹಾಸ ಬರೆದ ಗ್ರೋಟ್ ಅವರಿಂದ ಈ ಮಾತನ್ನು ತೆಗೆದುಕೊಂಡಿದ್ದರು. ಅದರ ಅರ್ಥ, ಸಂವಿಧಾನ ಹಾಕಿಕೊಟ್ಟ ಪದ್ಧತಿಗೆ ಎಲ್ಲರೂ ತಲೆಬಾಗುವುದು, ಅಧಿಕಾರದಲ್ಲಿರುವವರನ್ನು ಅಂಜದೆ ಟೀಕಿಸುವುದು. ಜನರ ಆಚಾರ ವಿಚಾರ ಅಳೆಯಲು ನ್ಯಾಯಮೂರ್ತಿಗಳಿಗೆ ಅವರು ಕೊಟ್ಟ ಅಳತೆಗೋಲಲ್ಲ ಅದು.

ಕೆಟ್ಟ ಆಚರಣೆ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಭಕ್ತರು ಉರುಳುತ್ತಿದ್ದ ಮಡೆಸ್ನಾನ ನಮ್ಮೆಲ್ಲರಿಗೂ ಗೊತ್ತು. ಅದರ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆಯಿತು, ವಿಷಯ ಕೋರ್ಟಿಗೂ ಹೋಯಿತು. ಕೊನೆಗೆ 2017ರಲ್ಲಿ ನಮ್ಮ ಶಾಸಕರೇ ಮೌಢ್ಯದ ವಿರುದ್ಧ ಕಾಯ್ದೆ ಮಾಡಿ, ಎಂಜಲೆಲೆಯ ಮೇಲೆ ಉರುಳಿಸುವುದನ್ನೂ ಅದರಲ್ಲಿ ಸೇರಿಸಿದರು. ಪರ ಇದ್ದವರೂ ವಿರೋಧ ಇದ್ದವರೂ ಸಾಕಷ್ಟು ಜಗಳವಾಡಿದ ಮೇಲೆಯೇ ಅದು ಬಂದದ್ದು. ಆ ಕಾಯ್ದೆ ಸಾಲದು ಅನ್ನಿಸಿದರೆ ನಾಳೆ ನಮ್ಮ ಶಾಸಕರನ್ನು ಹಿಡಿದು ಕೇಳಬಹುದು. ಐವರು ನ್ಯಾಯಮೂರ್ತಿಗಳ ನೈತಿಕತೆ ಸರಿಯಿಲ್ಲ ಅನ್ನಿಸಿದರೆ ಇನ್ನೂ ದೊಡ್ಡ ಪೀಠ ಕೂರುವವರೆಗೆ ಕಾಯಬೇಕು.