ಸಿಪ್ಪೆ ಸುಲಿದ ಮೊಟ್ಟೆಯೂ ಸಿಡಿಯುತ್ತದೆ

ಮೈಕ್ರೋವೇವ್‌ನಲ್ಲಿ ಹಸಿ ಮೊಟ್ಟೆ ಇಟ್ಟು, ಅದು ಸಿಡಿದು ಬಾಗಿಲಿನ ಸಂದಿಗೊಂದಿಗಳಲ್ಲೆಲ್ಲ ಹಳದಿ ಅಂಟಿಕೊಂಡ ಪ್ರಸಂಗವನ್ನು ನಾನು ಓದಿದ ಲೇಖನವೊಂದರ ಲೇಖಕರು ಬಹಳ ಸೊಗಸಾಗಿ ಬರೆದಿದ್ದಾರೆ. ಓದುತ್ತಾ ಮನಸಾರೆ ನಕ್ಕೆ. ಆದರೆ ಬೇಯಿಸಿ ಸಿಪ್ಪೆ ಸುಲಿದ ಮೊಟ್ಟೆಯನ್ನು ಅದರಲ್ಲಿ ಬಿಸಿ ಮಾಡಿದರೆ ಭಯವಿಲ್ಲ ಎಂಬ ಅವರ ಮಾತನ್ನು ಮಾತ್ರ ಒಪ್ಪಲಾರೆ.

ನಮ್ಮ ಮನೆಯಲ್ಲಿ ಅವಾಂತರವಾದದ್ದು ಅಂಥದ್ದೇ ಮೊಟ್ಟೆಯಿಂದ. ಫ್ರಿಜ್ಜಿನಲ್ಲಿದ್ದ ಬೆಂದ ಮೊಟ್ಟೆಯನ್ನು ನನ್ನ ತಂಗಿ ಒಂದು ನಿಮಿಷ ಬಿಸಿ ಮಾಡಿ ತಟ್ಟೆಗೆ ಹಾಕಿಕೊಂಡಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು. ಫೋರ್ಕ್ ಚುಚ್ಚಿದ ಕ್ಷಣವೇ ಪಟಾಕಿ ಸಿಡಿದಂಥ ಸದ್ದು, ಕನ್ನಡಕದ ಗಾಜಿನ ತುಂಬ ಹಳದಿಯ ಪುಡಿ, ಕೈಯಲ್ಲಿ ಬರಿಯ ಫೋರ್ಕ್. ಈಗ ನೆನೆದು ನಗುತ್ತೇವೆ ನಿಜ, ಆದರೆ ಕನ್ನಡಕ ಇಲ್ಲದಿದ್ದರೆ ಕಣ್ಣಿನ ಗತಿ ಏನಾಗುತ್ತಿತ್ತೋ!

ಹಳದಿಯೊಳಗೆ ಅಲ್ಲಲ್ಲಿ ಸಿಕ್ಕಿಕೊಂಡ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಉಳಿದು, ಚುಚ್ಚಿದೊಡನೆ ಒಮ್ಮೆಲೇ ಆವಿಯಾಗುವುದರಿಂದ ಹೀಗಾಗುತ್ತದೆಂದು ವಿವರಿಸುತ್ತಾರೆ. 2017ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಸಭೆಯಲ್ಲಿ ಇದೇ ವಿಷಯದ ಪ್ರಯೋಗವೊಂದನ್ನು ಮಂಡಿಸಲಾಗಿತ್ತು. ಸಿಡಿದ ಮೊಟ್ಟೆಗಳ ಸದ್ದು ಒಂದು ಅಡಿ ದೂರದಲ್ಲಿ 86ರಿಂದ 133 ಡೆಸಿಬೆಲ್‌ವರೆಗೆ ಇತ್ತಂತೆ. ಎಲ್ಲ ಮೊಟ್ಟೆಗಳೂ ಸಿಡಿಯಲಿಲ್ಲ ಎಂಬುದೇ ಇದರಲ್ಲಿರುವ ಅಪಾಯ, ಏಕೆಂದರೆ ಹತ್ತು ಸಲ ಏನೂ ಆಗದಿದ್ದವರು ಹನ್ನೊಂದನೆಯ ಸಲ ಮುಖವನ್ನು ತಟ್ಟೆಯ ಹತ್ತಿರವೇ ತರುತ್ತಾರೆ.

ಬೆಂದ ಮೊಟ್ಟೆ ತಣ್ಣಗಾಗಿದ್ದರೆ ಕೆಲವು ನಿಮಿಷ ಬಿಸಿನೀರಿನಲ್ಲಿ ಇಟ್ಟರೆ ಸಾಕು. ಲೇಖಕರು ಆ ಒಂದು ಸಾಲನ್ನು ದಯವಿಟ್ಟು ತಿದ್ದಬೇಕು.