ಲಿಂಕ್ ಒತ್ತಿ ಹೋದ ರೊಕ್ಕ: ಬ್ಯಾಂಕು ತುಂಬಿಕೊಡಬೇಕೇ?

ಪರ: ಒಟಿಪಿ ಎಂದ ಕೂಡಲೇ ಹೊಣೆ ತೀರುವುದಿಲ್ಲ

“ಕಾಕಾ, ಒಟಿಪಿ ನೀವೇ ಹೇಳೀರಿ. ಈಗ ನಾವೇನ್ ಮಾಡ್ಲಿಕ್ಕೆ ಬರ್ತದ್ರಿ?” ಕಲಬುರಗಿ ಪೇಟೆಯ ದೊಡ್ಡ ಶಾಖೆಯಿರಲಿ, ಯಾದಗಿರಿ ಕಡೆಯ ಹಳ್ಳಿಯ ಸಣ್ಣ ಶಾಖೆಯಿರಲಿ, ಮೋಸ ಹೋದವರಿಗೆ ಕೌಂಟರಿನಾಚೆಯಿಂದ ಸಿಗುವ ಉತ್ತರ ಬಹುಮಟ್ಟಿಗೆ ಇದೇ. ಕೇಳಿದವರು ತಪ್ಪು ತಮ್ಮದೇ ಅಂದುಕೊಂಡು, ಲಿಖಿತ ದೂರನ್ನೂ ಕೊಡದೆ ಹೊರಬೀಳುತ್ತಾರೆ. ಬ್ಯಾಂಕು ಗೆಲ್ಲುವುದು ಅಲ್ಲೇ, ಆ ಮೆಟ್ಟಿಲ ಮೇಲೆ.

ಗ್ರಾಹಕನ ಅನುಮತಿಯಿಲ್ಲದೆ ಆನ್‌ಲೈನಿನಲ್ಲಿ ರೊಕ್ಕ ಹೋದರೆ ಹೊಣೆ ಯಾರದು ಎಂಬ ಬಗ್ಗೆ 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಗ್ರಾಮೀಣ ಬ್ಯಾಂಕುಗಳನ್ನೂ ಸೇರಿಸಿಕೊಂಡೇ ಬರೆದದ್ದು. ಅದರಲ್ಲಿ ಎಲ್ಲರೂ ಮರೆಯುವ ಒಂದು ಮಾತಿದೆ: ಗ್ರಾಹಕನದೇ ತಪ್ಪು ಎಂದು ಸಾಬೀತು ಮಾಡುವ ಹೊರೆ ಬ್ಯಾಂಕಿನದು. ಕೌಂಟರಿನ ಮೇಲೆ ಬಾಯಿಮಾತಿನಲ್ಲಿ ‘ನೀವೇ ಹೇಳೀರಿ’ ಎಂದರೆ ಅದು ಸಾಬೀತಲ್ಲ. ಬ್ಯಾಂಕಿನದೇ ಲೋಪವಿದ್ದರೆ ಗ್ರಾಹಕ ಯಾವಾಗ ತಿಳಿಸಿದರೂ ಅವನ ಹೊಣೆ ಸೊನ್ನೆ. ಲೋಪ ಇಬ್ಬರದೂ ಅಲ್ಲ, ಮೂರನೆಯವರ ಕೈವಾಡ ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗಲೂ ಸೊನ್ನೆಯೇ. ನಾಲ್ಕರಿಂದ ಏಳನೆಯ ದಿನದೊಳಗಾದರೆ ಪ್ರತಿ ವಹಿವಾಟಿಗೆ ಹೆಚ್ಚೆಂದರೆ ಮೂಲ ಉಳಿತಾಯ ಖಾತೆಗೆ 5,000, ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿಯಷ್ಟೇ ಗ್ರಾಹಕನ ಪಾಲು. ದಿನದ ಎಣಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಎಸ್ಸೆಮ್ಮೆಸ್ ಬಂದ ದಿನವನ್ನು ಬಿಟ್ಟು, ನಿಮ್ಮ ಶಾಖೆ ತೆರೆದಿರುವ ದಿನಗಳನ್ನಷ್ಟೇ ಎಣಿಸಬೇಕು. ಎರಡನೇ ಶನಿವಾರದ ಹಿಂದಿನ ಶುಕ್ರವಾರ ಸಂಜೆ ರೊಕ್ಕ ಹೋದರೆ ಸೋಮವಾರವೇ ಮೊದಲ ದಿನ, ಬುಧವಾರದವರೆಗೆ ಅವಕಾಶ. ತಿಳಿಸಿದ 10 ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ತೋರಿಸಬೇಕು, 90 ದಿನಗಳಲ್ಲಿ ದೂರನ್ನು ತೀರ್ಮಾನಿಸಬೇಕು.

ಇನ್ನು ‘ನಿರ್ಲಕ್ಷ್ಯ’ ಎಂಬ ಪದ. ಈಗ ಮೋಸ ನಡೆಯುವ ಬಗೆ ನೋಡಿ. ‘ಜೆಸ್ಕಾಂ ಬಿಲ್ ಬಾಕಿ ಇದೆ, ಇಂದು ರಾತ್ರಿ 9.30ಕ್ಕೆ ಕರೆಂಟ್ ಕಡಿತ’ ಎಂದೋ, ಪಿಎಂ ಕಿಸಾನ್ ಕೆವೈಸಿ ಎಂದೋ, ಮದುವೆ ಕಾರ್ಡ್ ಎಂದೋ ವಾಟ್ಸ್‌ಆ್ಯಪ್‌ಗೆ ಒಂದು ಎಪಿಕೆ ಫೈಲು (ಮೊಬೈಲಿಗೆ ಆ್ಯಪ್ ಸೇರಿಸುವ ಫೈಲು) ಬರುತ್ತದೆ. ಒತ್ತಿದರೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ. ‘ಅನುಮತಿಸಿ’ ಎಂದು ಒತ್ತಿದ ಮೇಲೆ ಎಷ್ಟೋ ಸಲ ಅದರ ಗುರುತೇ ಪರದೆಯಿಂದ ಮಾಯ. ಆಮೇಲೆ ಬರುವ ಒಟಿಪಿ ತಾನಾಗಿ ಕಳ್ಳನ ನಂಬರಿಗೆ ಹೋಗುತ್ತದೆ. ಮೊಬೈಲ್ ಇಟ್ಟುಕೊಂಡವರು ಅದನ್ನು ಓದಿಯೂ ಇರುವುದಿಲ್ಲ, ಯಾರಿಗೂ ಹೇಳಿಯೂ ಇರುವುದಿಲ್ಲ. ಇದನ್ನು ‘ಒಟಿಪಿ ಹಂಚಿಕೊಂಡರು’ ಎಂದು ಬರೆಯುವುದು ಸರಿಯೇ?

ಅದೇ ಹೊತ್ತಿನಲ್ಲಿ ಬ್ಯಾಂಕಿನ ಕಂಪ್ಯೂಟರಿಗೆ ಏನೇನು ಕಂಡಿತ್ತು? ಹೊಸ ಮೊಬೈಲಿನಲ್ಲಿ ಲಾಗಿನ್, ಹೊಸ ಫಲಾನುಭವಿ (ರೊಕ್ಕ ಪಡೆಯುವವರ ಖಾತೆ) ಸೇರ್ಪಡೆ, ವಹಿವಾಟಿನ ಮಿತಿ ಏರಿಕೆ, ಠೇವಣಿ ಮುರಿತ, ಐದು ನಿಮಿಷದಲ್ಲಿ ನಾಲ್ಕು ಪಾವತಿ. ತಿಂಗಳಿಗೆ ಎರಡು ಸಲ ಎಟಿಎಂ ಮುಟ್ಟುವ ತೊಗರಿ ಬೆಳೆಗಾರನ ಖಾತೆಯಲ್ಲಿ ಇದು ನಡೆದರೆ ಗಂಟೆ ಬಾರಿಸಬೇಕಾದವರು ಯಾರು? ರೊಕ್ಕ ಹೋಗಿ ಬಿದ್ದ ಬಾಡಿಗೆ ಖಾತೆಯನ್ನೂ (ಕಳ್ಳರ ಬಳಕೆಗೆ ಬೇರೊಬ್ಬರು ಕೊಟ್ಟ ಖಾತೆ) ಕೆವೈಸಿ ಮಾಡಿ ತೆರೆದುಕೊಟ್ಟದ್ದು ಇನ್ನೊಂದು ಬ್ಯಾಂಕೇ.

ನ್ಯಾಯಾಲಯಗಳು ಇದನ್ನು ಗಮನಿಸಿವೆ. ಫಿಶಿಂಗ್ (ಬಲೆಗೆ ಬೀಳಿಸುವ ನಕಲಿ) ಲಿಂಕ್ ಒತ್ತಿ 2.6 ಲಕ್ಷ ಕಳೆದುಕೊಂಡವರಿಗೆ ಬಡ್ಡಿ ಸಮೇತ ಕೊಡಿ ಎಂದು 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 94,204 ರೂಪಾಯಿ ಚಿಲ್ಲರೆ ಕಳೆದುಕೊಂಡ ಗ್ರಾಹಕನ ಪರ ಗುವಾಹಟಿ ಹೈಕೋರ್ಟ್ ಕೊಟ್ಟ ತೀರ್ಪನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆತ 24 ಗಂಟೆಯೊಳಗೆ ತಿಳಿಸಿದ್ದ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಮೋಸಕ್ಕೆ ಸಿಕ್ಕು ತಾನೇ ಕಳಿಸಿದ ರೊಕ್ಕವನ್ನೂ 85,000 ಪೌಂಡಿನವರೆಗೆ, ಕಳಿಸಿದ ಬ್ಯಾಂಕು ಅರ್ಧ, ಪಡೆದ ಬ್ಯಾಂಕು ಅರ್ಧ ತುಂಬಿಕೊಡಬೇಕು. ಬಾಡಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿನ ಜೇಬಿಗೂ ಕೈ ಹೋದರೆ ಮಾತ್ರ ಕೆವೈಸಿಗೆ ಬಿಗಿ ಬರುತ್ತದೆ.

ಆದ್ದರಿಂದ ದೂರನ್ನು ಬರೆದೇ ಕೊಡಿ, ಒಂದು ಪ್ರತಿಗೆ ಶಾಖೆಯ ಮುದ್ರೆ, ತಾರೀಖು, ಸಹಿ ಹಾಕಿಸಿಕೊಳ್ಳಿ. ಅದರಲ್ಲಿ ಪ್ರತಿ ವಹಿವಾಟಿನ ಮೊತ್ತ, ಹೊತ್ತು, ಯುಪಿಐನ 12 ಅಂಕಿಯ ಸಂಖ್ಯೆ ಇರಲಿ. ಯಾವ ಸಾಧನದಿಂದ ಲಾಗಿನ್ ಆಯಿತು, ಫಲಾನುಭವಿಯನ್ನು ಯಾವಾಗ ಸೇರಿಸಲಾಯಿತು ಎಂಬ ದಾಖಲೆಯನ್ನು ಅದರಲ್ಲೇ ಕೇಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ವಿರೋಧ: ಬ್ಯಾಂಕು ಕೊಡುತ್ತದೆಂಬ ಭರವಸೆಯೇ ರೊಕ್ಕ ಮುಳುಗಿಸುತ್ತದೆ

ಮೇಲಿನ ವಾದದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಅದೇ ಸುತ್ತೋಲೆಯ ಪ್ರಕಾರ, ಪಿನ್ನು, ಪಾಸ್‌ವರ್ಡು ಹೇಳಿಕೊಟ್ಟಂಥ ನಿರ್ಲಕ್ಷ್ಯವಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಗ್ರಾಹಕನದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಇದಕ್ಕಿಂತ ನ್ಯಾಯವಾದ ಗೆರೆ ಎಳೆಯುವುದು ಕಷ್ಟ. ಸುಪ್ರೀಂ ಕೋರ್ಟಿಗೆ ಹೋದ ಆ ಪ್ರಕರಣದಲ್ಲಿ ಗ್ರಾಹಕ ‘ನಾನು ಒಟಿಪಿ ಕೊಟ್ಟೇ ಇಲ್ಲ’ ಎಂದಿದ್ದ, ಮಾಹಿತಿ ಸೋರಿದ್ದು ಬಟ್ಟೆ ಮಾರುವ ಜಾಲತಾಣದಿಂದ. ಕ್ಯೂಆರ್ ಸ್ಕ್ಯಾನ್ ಮಾಡಿ, ‘ರೊಕ್ಕ ಬರ್ತದ’ ಎಂಬ ಮಾತು ನಂಬಿ ತಾನೇ ಪಿನ್ ಒತ್ತಿದವನಿಗೆ ಆ ತೀರ್ಪು ಊರುಗೋಲಾಗದು. ಯುಪಿಐನಲ್ಲಿ ರೊಕ್ಕ ಬರಲು ಪಿನ್ ಬೇಡವೇ ಬೇಡ. ಪಿನ್ ಕೇಳಿತೆಂದರೆ ಹೋಗುತ್ತಿದೆ ಎಂದೇ ಅರ್ಥ. ಸರಿಯಾದ ಮೊಬೈಲು, ಸರಿಯಾದ ಸಿಮ್ಮು, ಸರಿಯಾದ ಪಿನ್ನು, ಮೂರೂ ಕೂಡಿ ಬಂದಾಗ ಅದರ ಹಿಂದೆ ಮೋಸವಿದೆಯೋ ಮಗಳ ಕಾಲೇಜು ಫೀಸಿದೆಯೋ ಬ್ಯಾಂಕಿಗೆ ಹೇಗೆ ತಿಳಿಯಬೇಕು?

ಎಪಿಕೆ ವಿಷಯದಲ್ಲಿ ಮಾತ್ರ ಎದುರಿನವರ ವಾದಕ್ಕೆ ತೂಕವಿದೆ, ಒಪ್ಪುತ್ತೇವೆ. ಆದರೆ ಅಲ್ಲಿಯೂ ಕಾರ್ಡ್ ಸಂಖ್ಯೆಯನ್ನೋ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡನ್ನೋ ಆ ಆ್ಯಪಿನ ಪುಟದಲ್ಲಿ ತುಂಬಿದವರು ಯಾರೆಂದು ಕೇಳಲೇಬೇಕಾಗುತ್ತದೆ.

ನಮ್ಮ ದೊಡ್ಡ ಆಕ್ಷೇಪಣೆ ಬೇರೆ. ಬ್ಯಾಂಕು ಕೊಡುತ್ತದೆ ಎಂದು ಮಂದಿಗೆ ಹೇಳಿದಿರಿ ಅನ್ನಿ. ಶನಿವಾರ ರಾತ್ರಿ ರೊಕ್ಕ ಹೋದವನು ಸೋಮವಾರ ಹತ್ತೂವರೆಗೆ ಶಾಖೆಗೆ ಬರುತ್ತಾನೆ. ಮೂರು ದಿನದ ಗಡುವು ಅವನ ಹೊಣೆಯ ಲೆಕ್ಕಕ್ಕೆ ಸರಿ, ಕಳ್ಳ ಮೂರು ದಿನ ಕಾಯುವುದಿಲ್ಲ. ರೊಕ್ಕ ಮೊದಲ ಖಾತೆಯಿಂದ ನಾಲ್ಕಾರು ಖಾತೆಗೆ ಒಡೆದು, ಎಟಿಎಂನಿಂದಲೋ ಚೆಕ್ಕಿನಿಂದಲೋ ನಗದಾಗಿರುತ್ತದೆ. ತಡೆಯುವ ದಾರಿ ಒಂದೇ, ಸೈಬರ್ ವಂಚನೆಯ ಸಹಾಯವಾಣಿ 1930. ಆ ನಂಬರಿಗೆ ಹೇಳಿದ ಖಾತೆ ಸಂಖ್ಯೆ, ವಹಿವಾಟಿನ ಸಂಖ್ಯೆ, ಮೊತ್ತ, ಹೊತ್ತು ನೇರ ಬ್ಯಾಂಕಿನ ನೋಡಲ್ ಅಧಿಕಾರಿಗೆ ತಲುಪುತ್ತವೆ. ರೊಕ್ಕ ಅಲ್ಲೇ ಇದ್ದರೆ ತಡೆ ಬೀಳುತ್ತದೆ. ಮುಂದೆ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ ಓಡುತ್ತದೆ. ಸ್ವೀಕೃತಿ ಸಂಖ್ಯೆ ಬಂದ ಮೇಲೆ 24 ಗಂಟೆಯೊಳಗೆ ಸೈಬರ್‌ಕ್ರೈಂ ಜಾಲತಾಣದಲ್ಲಿ ಪೂರ್ತಿ ದೂರು ತುಂಬಬೇಕು. ಇದನ್ನು ಬಿಡುವವರೇ ಹೆಚ್ಚು.

ಮೊಬೈಲನ್ನು ಮೊದಲು ಏರೋಪ್ಲೇನ್ ಮೋಡಿಗೆ ಹಾಕಿ, ಮನೆಯ ಇನ್ನೊಬ್ಬರ ಫೋನಿನಿಂದ 1930ಕ್ಕೆ, ಆಮೇಲೆ ಕಾರ್ಡಿನ ಹಿಂದಿರುವ ಬ್ಯಾಂಕಿನ ನಂಬರಿಗೆ ಕರೆ ಮಾಡಿ. ಗೂಗಲ್‌ನಲ್ಲಿ ಬ್ಯಾಂಕಿನ ನಂಬರು ಹುಡುಕಬೇಡಿ, ಅಲ್ಲಿಯೂ ಕಳ್ಳನೇ ಕೂತಿರಬಹುದು. ಕರೆಗಳು ಬೇರೆಡೆ ತಿರುಗಿರುವ ಅನುಮಾನವಿದ್ದರೆ ಮೋಡ್ ತೆಗೆದ ಮೇಲೆ ##002# ಒತ್ತಿ ರದ್ದು ಮಾಡಿ. ಎಪಿಕೆ ಅಳಿಸುವ ಮುನ್ನ ಬಂದ ಸಂದೇಶ, ನಂಬರು, ಫೈಲಿನ ಹೆಸರಿನ ಸ್ಕ್ರೀನ್‌ಶಾಟ್ ತೆಗೆದಿಡಿ. ಗಾಬರಿಯಲ್ಲಿ ಮೊಬೈಲನ್ನೇ ರೀಸೆಟ್ ಮಾಡಿಸಿದವರ ಕೈಯಲ್ಲಿ ಆಮೇಲೆ ಪುರಾವೆ ಉಳಿಯುವುದಿಲ್ಲ.

ತಡೆ ಬಿದ್ದ ರೊಕ್ಕ ತಾನಾಗಿ ಮನೆಗೆ ಬರುವುದಿಲ್ಲ ಎಂಬುದೂ ಗೊತ್ತಿರಲಿ. ಜಿಲ್ಲೆಯ ಸೈಬರ್ ಅಪರಾಧ (ಸೆನ್) ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ, ಅದರ ಪ್ರತಿ, ಖಾತೆಯ ಸ್ಟೇಟ್‌ಮೆಂಟ್, 1930ರ ಸ್ವೀಕೃತಿ ಲಗತ್ತಿಸಿ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕುವುದು ರೂಢಿ. ಪೊಲೀಸರ ವರದಿ ಬಂದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ನ್ಯಾಯಾಲಯ ಬಿಡುಗಡೆಗೆ ಆದೇಶಿಸುತ್ತದೆ. ಅರ್ಜಿಗೆ ಮುನ್ನ ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ತಡೆಹಿಡಿದಿದೆ ಎಂದು ತನಿಖಾಧಿಕಾರಿಯಿಂದ ಬರೆಸಿಕೊಳ್ಳಿ, ಅದಿಲ್ಲದೆ ಆದೇಶವಾದರೂ ಬ್ಯಾಂಕಿನಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ.

ಇನ್ನು ಬ್ರಿಟನ್ನಿನ ಮಾತು. ಅಲ್ಲಿ ಹೊಣೆ ಬಂದ ಜೊತೆಗೇ, ಅನುಮಾನ ಬಂದ ಪಾವತಿಯನ್ನು ಹೆಚ್ಚುವರಿ 72 ಗಂಟೆ ತಡೆಯುವ ಅಧಿಕಾರವೂ ಬ್ಯಾಂಕಿಗೆ ಬಂತು. ಕಲಬುರಗಿ ಗಂಜ್‌ನಲ್ಲಿ ತೊಗರಿ ತೂಕವಾಗಿ, ಲಾರಿ ತುಂಬಿ ನಿಂತಾಗ ಅಡತಿಯವರ ರೊಕ್ಕ ಮೂರು ದಿನ ಬ್ಯಾಂಕಿನಲ್ಲೇ ನಿಂತರೆ ರೈತ ಏನು ಮಾಡಬೇಕು? ಮೋಸದ ರೊಕ್ಕದ ಒಂದು ತುಣುಕು ಯುಪಿಐನಲ್ಲಿ ಬಂತೆಂದು, ಪ್ರಾಮಾಣಿಕವಾಗಿ ಮಾಲು ಮಾರಿದ ಅಂಗಡಿಯವನ ಖಾತೆಗೆ ತಡೆ ಬೀಳುವ ಪೇಚು ಈಗಲೇ ಇದೆ. ಹೊಣೆ ಇಡಿಯಾಗಿ ಬ್ಯಾಂಕಿನ ತಲೆಗೆ ಕಟ್ಟಿದರೆ ಅದು ಕೇಳುವುದು ಕಡಿಮೆ, ತಡೆಯುವುದು ಹೆಚ್ಚು ಮಾಡುತ್ತದೆ. ಅಣ್ಣನೇ ತಮ್ಮನ ಬಾಡಿಗೆ ಖಾತೆಗೆ ಕಳಿಸಿ ‘ಮೋಸ ಹೋದೆ’ ಎಂದು ಬರುವವರೂ ಬರುತ್ತಾರೆ.

ಬ್ಯಾಂಕಿನಿಂದ ಕೇಳಬೇಕಾದದ್ದು ಬೇರೆಯಿದೆ, ಅದನ್ನು ಮೋಸಕ್ಕೆ ಮುಂಚೆಯೇ ಕೇಳಬಹುದು. ಬೆಳೆ ಸಾಲ, ಗೃಹಲಕ್ಷ್ಮಿ, ಪಿಂಚಣಿ ಬೀಳುವ ಖಾತೆಗೆ ಯುಪಿಐ ಜೋಡಿಸದೆ, ದಿನದ ಖರ್ಚಿಗೆಂದು ಎರಡು ಮೂರು ಸಾವಿರ ಇಡುವ ಇನ್ನೊಂದು ಖಾತೆಗೆ ಜೋಡಿಸಿ. ಡೆಬಿಟ್ ಕಾರ್ಡಿನ ಆನ್‌ಲೈನ್ ಬಳಕೆ ಬಂದ್ ಮಾಡಿಸಿ, ನೆಟ್ ಬ್ಯಾಂಕಿಂಗ್ ಬೇಡವಾಗಿದ್ದರೆ ಬರೆದುಕೊಟ್ಟು ತೆಗೆಸಿ. ಎಸ್ಸೆಮ್ಮೆಸ್ ಬರುವ ನಂಬರು ಪುಣೆಗೋ ಮುಂಬೈಗೋ ದುಡಿಯಲು ಹೋದ ಮಗನದಾಗಿದ್ದರೆ ಅದನ್ನೂ ಬದಲಿಸಿ, ಯಾಕೆಂದರೆ ಎಚ್ಚರಿಕೆಯ ಗಂಟೆ ಬಾರಿಸುವುದು ಅವನ ಕಿಸೆಯಲ್ಲಿ.