ಗಾಳಿ ಬಂದಾಗ ತೂರಿಹೋದವನು

ವಿಂಡ್‌ಸರ್ಫಿಂಗ್, ಅಂದರೆ ಹಾಯಿಪಟ ಕಟ್ಟಿದ ಹಲಗೆಯ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ, ಕಲಿಯುವವರಿಗೆ ಶಾಂತವಾದ ಕೊಲ್ಲಿಯೇ ಸರಿ ಅಂತ ಬಲ್ಲವರು ಹೇಳುತ್ತಾರೆ. ಅಲೆಯ ಕಾಟವಿಲ್ಲ, ನೀರು ಸೊಂಟದ ಮಟ್ಟಕ್ಕೆ. ಆದರೆ ದೊಡ್ಡ ಅಲೆ ಇದ್ದಿದ್ದರೆ ಬಿದ್ದ ತಪ್ಪನ್ನು ಅದರ ತಲೆಗೆ ಕಟ್ಟಬಹುದಿತ್ತು. ಕನ್ನಡಿಯಂಥ ನೀರಿನಲ್ಲಿ ಬಿದ್ದವನಿಗೆ ಆ ಸೌಲಭ್ಯವೂ ಇಲ್ಲ.

ವಿಂಡ್‌ಸರ್ಫಿಂಗ್ ಹಲಗೆಯಲ್ಲಿ ಪಟದ ಕಂಬವನ್ನು ಗಟ್ಟಿಯಾಗಿ ನೆಟ್ಟಿರುವುದಿಲ್ಲ; ಬುಡದಲ್ಲಿ ಎಲ್ಲ ದಿಕ್ಕಿಗೂ ವಾಲುವ ಕೀಲು. 1960ರ ದಶಕದಲ್ಲಿ ಅಮೆರಿಕದ ಜಿಮ್ ಡ್ರೇಕ್, ಹೊಯ್ಲ್ ಶ್ವೈಟ್ಸರ್ ಜೋಡಿ ಇಂಥ ಕೀಲಿಟ್ಟ ಹಲಗೆಗೆ ಪೇಟೆಂಟ್ ಕೇಳಿತು. ಚುಕ್ಕಾಣಿ ಬೇಡ, ಕಂಬವನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆಗೆ. ಜಾಣತನದ ಏರ್ಪಾಡು, ಒಪ್ಪಿದೆ. ಎಲ್ಲ ದಿಕ್ಕಿಗೂ ವಾಲುವುದು ಎಲ್ಲ ದಿಕ್ಕಿಗೂ ಬೀಳುತ್ತದೆ ಅನ್ನುವುದಷ್ಟೇ ನನ್ನ ತಕರಾರು.

ಬಿದ್ದ ಪಟವನ್ನು ಹಗ್ಗ ಹಿಡಿದು ಎತ್ತಬೇಕು. ಅದರ ಮೇಲೆ ಸಮುದ್ರವೇ ಕೂತಿರುತ್ತದೆ. ಸೊಂಟದ ಮೂಳೆಗಳೆಲ್ಲ ಹಾಜರಿ ಹೇಳುವಂತೆ ಜಗ್ಗುತ್ತೀರಿ. ಇದ್ದಕ್ಕಿದ್ದಂತೆ ನೀರು ಜಾರಿ ಪಟ ಹಗುರಾಗುತ್ತದೆ. ನೀವಿನ್ನೂ ಹಳೆಯ ಭಾರಕ್ಕೇ ಜಗ್ಗುತ್ತಿರುತ್ತೀರಿ. ನೀವು ಹಿಂದಕ್ಕೆ, ಪಟ ನಿಮ್ಮ ಮೇಲಕ್ಕೆ. ದಡದಲ್ಲಿ ಕೂತವರೊಬ್ಬರು "ಮಂಡಿ ಬಗ್ಗಿಸಿ!" ಅಂತ ಕೂಗುತ್ತಾರೆ. ಅವರು ಎಂದೂ ನೀರಿಗಿಳಿದವರಲ್ಲ, ನೋಡಿದರೇ ಗೊತ್ತಾಗುತ್ತದೆ: ಬಟ್ಟೆ ಇಸ್ತ್ರಿಯಾಗಿರುತ್ತದೆ.

ಇದಕ್ಕಿಂತ ಸುಲಭ ಅಂತ ಯಾರೋ ಕೈಟ್‌ಸರ್ಫಿಂಗ್‌ಗೆ ದೂಡಿದರು. ಇಪ್ಪತ್ತು ಮೀಟರಿಗೂ ಉದ್ದದ ದಾರಗಳ ತುದಿಯಲ್ಲಿ ಗಾಳಿಪಟ, ಈ ತುದಿಯಲ್ಲಿ ಸೊಂಟಪಟ್ಟಿಗೆ ಸಿಕ್ಕಿಸಿಕೊಂಡ ನಾನು. ಯಾರು ಯಾರನ್ನು ಹಾರಿಸುತ್ತಿದ್ದಾರೆ ಎಂಬುದು ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಕೈಯಲ್ಲಿರುವ ಹಿಡಿಕೋಲನ್ನು ಹತ್ತಿರ ಎಳೆದರೆ ಸೆಳೆತ ಹೆಚ್ಚು, ಬಿಟ್ಟರೆ ಕಡಿಮೆ. ಹೆದರಿದ ಮನುಷ್ಯ ಏನು ಮಾಡುತ್ತಾನೆ? ಸಿಕ್ಕಿದ್ದನ್ನು ಎದೆಗೆ ಅವುಚಿಕೊಳ್ಳುತ್ತಾನೆ. ಅವುಚಿದಷ್ಟೂ ಅದು ಎಳೆಯುತ್ತದೆ, ಎಳೆದಷ್ಟೂ ಇವನು ಅವುಚುತ್ತಾನೆ. "ಬಿಡಿ, ಬಿಡಿ" ಎಂದು ತರಬೇತುದಾರರು ಅರಚಿದ್ದು ಕೇಳಿಸಿತು, ಕೈಗೆ ಕೇಳಿಸಲಿಲ್ಲ. ಹಲಗೆಯೇ ಇಲ್ಲದೆ ನೀರಿನಲ್ಲಿ ಹೀಗೆ ಮೈಯನ್ನು ಎಳೆಸಿಕೊಂಡು ಹೋಗುವುದು ಪಾಠಪಟ್ಟಿಯಲ್ಲೇ ಇದೆಯಂತೆ, ಹೆಸರು ಬಾಡಿ ಡ್ರ್ಯಾಗ್. ಉಪ್ಪುನೀರು ಕುಡಿಯುವುದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಗಾಳಿಯ ಲೆಕ್ಕವೂ ಅನ್ಯಾಯದ್ದು. ವೇಗ ಹತ್ತು ನಾಟ್ ಇದ್ದದ್ದು ಇಪ್ಪತ್ತಾದರೆ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ವೆಟ್‌ಸೂಟ್ ಎಂಬ ಮೈಗಂಟುವ ರಬ್ಬರಿನ ಉಡುಪಿನೊಳಗೆ ತುರುಕಿಕೊಳ್ಳುವವರೆಗೆ ಜೋರಾಗಿ ಬೀಸಿ, ಜಿಪ್ ಏರಿದ ಕ್ಷಣ ನಿಲ್ಲುವುದು ಯಾವ ಸೂತ್ರದ ಪ್ರಕಾರವೋ!

ಹೊಸಬರಿಗೆ ಗಾಳಿಗೆದುರಾಗಿ ಸಾಗಲು ಬರುವುದಿಲ್ಲ. ಹಾಗಾಗಿ ಗಾಳಿ ಬಿಟ್ಟ ಕಡೆ ದಡ ಹತ್ತಿ, ಸಾಮಾನು ಹೊತ್ತು, ಉದ್ದಕ್ಕೂ ನಡೆದು ವಾಪಸು ಬರಬೇಕು. ಹಾಗೆ ಬರುತ್ತಿದ್ದಾಗ ಅಪರಿಚಿತರೊಬ್ಬರು, "ಮಜವಾಗಿರುತ್ತಾ?" ಎಂದರು. ಬಾಯಿ ತುಂಬ ಉಪ್ಪುನೀರಿತ್ತು, ತಲೆಯಾಡಿಸಿದೆ. ಅವರು ಸೀದಾ ಹೋಗಿ ಹೆಸರು ಬರೆಸಿಬಿಟ್ಟರು.